ಎಡಕ್ಕೆ ಮುಖ ಮಾಡಿದ ಕೊಕ್ಕರೆ

ಆ ಊರಿಗೊಂದು ಹೆಸರಿತ್ತು. ಹೆಸರು ಬರೆದ ಓಲೆಯ ಮೇಲಿನ ಅರಗು ಯಾವುದೋ ಒಂದು ಬೇಸಿಗೆಯಲ್ಲಿ ಕರಗಿ ಹರಿದುಹೋಯಿತು. ಅರಗಿಲ್ಲದ ಹೆಸರನ್ನು ಆ ಊರಿನವರು ಬಳಸುವವರಲ್ಲ. ಹಾಗಾಗಿ ನಾನೂ ಬರೀ ಊರು ಎನ್ನುತ್ತೇನೆ. ನಿಮಗೆ ಬೇಕಾದರೆ ನಿಮಗೆ ಹತ್ತಿರದ ಯಾವುದಾದರೂ ಊರನ್ನು ನೆನೆದುಕೊಳ್ಳಿ, ನಾನೇನೂ ಬೇಡವೆನ್ನುವುದಿಲ್ಲ.

ಅಲ್ಲಿ ಬಾಯಿಮಾತು ನಡೆಯುತ್ತಿರಲಿಲ್ಲ. ನಿನ್ನನ್ನು ಮದುವೆಯಾಗುತ್ತೇನೆ ಎಂದವನು ಮುದ್ರೆ ಒತ್ತಬೇಕು. ನಿನ್ನ ತಪ್ಪನ್ನು ಮರೆತಿದ್ದೇನೆ ಎಂದವಳು ಮುದ್ರೆ ಒತ್ತಬೇಕು. ಬಾವಿಯ ನೀರು ಸಿಹಿಯಾಗಿದೆ ಎನ್ನಬೇಕಾದರೂ ಒಂದು ಹಿಡಿ ಜೇಡಿಮಣ್ಣು ತಟ್ಟಿ, ಒತ್ತಿ, ಬಾವಿಕಟ್ಟೆಯ ಮೇಲೆ ಇಡಬೇಕು. ಏಳು ವರ್ಷ ತುಂಬಿದ ಮಗುವಿಗೆ ಬಳಪದ ಕಲ್ಲಿನಲ್ಲಿ ಹೆಬ್ಬೆರಳಷ್ಟು ದೊಡ್ಡ ಮುದ್ರೆ ಕೆತ್ತಿಸಿ ಕೊರಳಿಗೆ ಕಟ್ಟುತ್ತಿದ್ದರು. ತಂದೆ ತಾಯಿ ಇಬ್ಬರೂ ಸತ್ತ ಮಗುವಿಗೆ ವಯಸ್ಸಿಗೆ ಮುಂಚೆಯೇ ಕಟ್ಟುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಗುರುತು: ಬಸವನಹುಳು, ನೇಗಿಲು, ಮೂರೆಸಳಿನ ಹೂವು, ಕಿವಿ ಹರಿದ ಮೊಲ. ಒಂದರ ಹಾಗೆ ಇನ್ನೊಂದು ಇರಕೂಡದು.

ಮನುಷ್ಯ ಸತ್ತ ದಿನ ಅವನ ಮುದ್ರೆಯನ್ನು ಮುರಿಯಬೇಕು. ಮುದ್ರೆ ಇದ್ದರೆ ಅವನಿದ್ದಾನೆ, ಮುರಿದರೆ ಅವನಿಲ್ಲ. ಮುರಿದ ಮೇಲೆ ಏಳು ದಿನ ಸತ್ತವರು ಊರಲ್ಲೇ ಅಡ್ಡಾಡುತ್ತಾರೆ. ಅವರನ್ನು ನೋಡಬಾರದು, ಅವರ ಮಾತಿಗೆ ಓಗೊಡಬಾರದು. ಕಂಡೆ ಎಂದು ಬಾಯಿಬಿಟ್ಟವರ ಮುದ್ರೆಯೂ ಮುರಿಯುತ್ತದೆ. ಏಳನೆಯ ದಿನ ಸಂಜೆ ಎಲ್ಲರೂ ಕೋಲು ಹಿಡಿದು ತಮ್ಮ ತಮ್ಮ ಹೊಸ್ತಿಲು ಬಡಿಯುತ್ತಾರೆ; ಸತ್ತವರು ಹೊಳೆಬಾಗಿಲು ದಾಟುತ್ತಾರೆ; ಬಾಗಿಲು ಮುಚ್ಚುತ್ತದೆ. ಊರಿನ ಕಟ್ಟಳೆ ಇಷ್ಟೇ. ಮುದ್ರೆಯಿಲ್ಲದ ಮಕ್ಕಳು ಮಾತ್ರ ಏನನ್ನು ಬೇಕಾದರೂ ನೋಡಬಹುದು, ಏನನ್ನು ಬೇಕಾದರೂ ಹೇಳಬಹುದು. ಅವರ ಮಾತನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಈ ಊರಿನಲ್ಲಿ ಮುದ್ರೆ ಮುರಿಯುವ ಕೆಲಸ ಒಬ್ಬ ಹೆಂಗಸಿನದಾಗಿತ್ತು. ಮೂವತ್ತೆರಡು ವರ್ಷದಿಂದ ಅವಳೇ ಮುರಿಯುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ಮುರಿಯುವವಳ ಮನೆಯಲ್ಲಿ ಸಂಬಂಧ ಬೆಳೆಸಲು ಯಾರಿಗೂ ಧೈರ್ಯವಿರಲಿಲ್ಲ. ಎದುರಿಗೆ ಸಿಕ್ಕಾಗ ಮುರಿಯವ್ವ ಎಂದು ಕೈಮುಗಿದು ರಸ್ತೆಯ ಆ ಬದಿಗೆ ಸರಿಯುತ್ತಿದ್ದರು. ಅವಳ ಮುದ್ರೆ ಮೇಲಿನಿಂದ ಕಂಡ ಆಮೆ. ಎಡಕ್ಕೂ ಮುಖವಿಲ್ಲ, ಬಲಕ್ಕೂ ಮುಖವಿಲ್ಲ. ಎಲ್ಲರನ್ನೂ ಮುರಿಯುವವಳು ಯಾರ ಕಡೆಗೂ ತಿರುಗಿರಬಾರದೆಂದು, ಅವಳು ಈ ಕೆಲಸಕ್ಕೆ ಬಂದ ದಿನ, ಹಿಂದಿನವರು ಹಾಗೆ ಕೆತ್ತಿಸಿದ್ದರು.

ಮುರಿಯುವುದಕ್ಕೂ ಒಂದು ಕ್ರಮವಿತ್ತು. ಮೊದಲು ಸತ್ತವರ ಮುದ್ರೆಯನ್ನು ಹಸಿ ಮಣ್ಣಿನ ಮೇಲೆ ಒತ್ತಬೇಕು. ಮಣ್ಣನ್ನು ಎತ್ತಿ ಹಿಡಿದು, ಇದು ಯಾರದು ಎಂದು ಮೂರು ಸಲ ಕೇಳಬೇಕು. ಜನ ಮೂರು ಸಲ ಹೇಳಬೇಕು. ಸತ್ತವರ ಮನೆಯವರು, ಮುರಿ, ಎನ್ನಬೇಕು. ಆಮೇಲೆ ಸುತ್ತಿಗೆ.

ಜನ ನೋಡುವುದು ಒತ್ತಿದ ಗುರುತನ್ನು, ಅವಳು ನೋಡುವುದು ಕಲ್ಲನ್ನು. ಕಲ್ಲಿನಲ್ಲಿ ಎಲ್ಲವೂ ತಿರುಗುಮುರುಗು: ಮಣ್ಣಿನಲ್ಲಿ ಎಡಕ್ಕೆ ನೋಡುವ ಮೊಲ ಕಲ್ಲಿನಲ್ಲಿ ಬಲಕ್ಕೆ ನೋಡುತ್ತದೆ. ಮೂವತ್ತೆರಡು ವರ್ಷ ಕಲ್ಲನ್ನೇ ನೋಡಿ ನೋಡಿ ಅವಳ ಕಣ್ಣೇ ಹಾಗೆ ತಿರುಗಿಬಿಟ್ಟಿತ್ತು. ಯಾರಾದರೂ ಬಲಗಡೆಯ ಓಣಿ ಎಂದರೆ ಅವಳು ಒಂದು ಗಳಿಗೆ ನಿಂತು ಯೋಚಿಸಿ ಹೆಜ್ಜೆ ಇಡುತ್ತಿದ್ದಳು. ಊರಿನವರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ. ಕಲ್ಲಿನ ವಿಷಯದಲ್ಲಿ ಮಾತ್ರ ಅವಳು ಒಮ್ಮೆಯೂ ತಪ್ಪಿರಲಿಲ್ಲ.

ವರ್ಷಕ್ಕೊಂದು ದಿನ ಮುದ್ರೆಗಳಿಗೆ ಸ್ನಾನ. ಅಂದು ಎಲ್ಲರೂ ಕೊರಳಿನ ದಾರ ಬಿಚ್ಚಿ ಮುದ್ರೆಮನೆಯ ಉದ್ದನೆಯ ಹಲಗೆಯ ಮೇಲೆ ಇಡುತ್ತಾರೆ. ಅಂಟುವಾಳದ ನೊರೆಯಲ್ಲಿ ತಿಕ್ಕಿ, ಕೆತ್ತನೆಯ ಸಂದಿನಲ್ಲಿ ಕೂತ ಹಳೆಯ ಅರಗನ್ನು ಕಡ್ಡಿಯಿಂದ ತೆಗೆದು, ಹರಳೆಣ್ಣೆ ಸವರಿ ಒಣಗಲು ಬಿಡುತ್ತಾರೆ. ಬರಿಗೊರಳಿನವರ ಮಾತಿಗೆ ಬೆಲೆಯಿಲ್ಲವಾದ್ದರಿಂದ ಅಂದು ಬೆಳಗಿನಿಂದ ಸಂಜೆಯವರೆಗೆ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ನಾಯಿ ಬೊಗಳಿದರೂ ಬೆಚ್ಚಿಬೀಳುವಂಥ ಮೌನ.

ಆ ವರ್ಷ ಅದೇ ದಿನ, ಮಧ್ಯಾಹ್ನ, ಗಾಣದಜ್ಜಿ ಸತ್ತಳು.

ಗಾಣದಜ್ಜಿ ಎಂದರೆ ಎಣ್ಣೆಗಾಣದ ಮನೆಯ ಮುದುಕಿ. ಮುರಿಯುವವಳಿಗೆ ತಾಯಿ ಇಲ್ಲದಾದಾಗ ಅವಳನ್ನು ಕರೆದು ಅನ್ನವಿಟ್ಟು, ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ಇದೇ ಮುದುಕಿ. ಊರಿನಲ್ಲಿ ಮುರಿಯುವವಳನ್ನು ಕಂಡು ಪಕ್ಕಕ್ಕೆ ಸರಿಯದೆ ಇದ್ದವಳು ಅವಳೊಬ್ಬಳೇ. ಅಜ್ಜಿಯ ಮುದ್ರೆ ಒಂದೇ ಕಾಲಿನ ಮೇಲೆ ನಿಂತ ಕೊಕ್ಕರೆ. ಒತ್ತಿದರೆ ಬಲಕ್ಕೆ ನೋಡುತ್ತಿತ್ತು.

ಊರಿನಲ್ಲಿ ಇನ್ನೊಂದು ಕೊಕ್ಕರೆಯೂ ಇತ್ತು. ಅದು ನೇಯುವವಳದು. ಅವಳ ತಾಯಿ ಹೆರಿಗೆಯಲ್ಲಿ ಸಾಯಬೇಕಾದವಳು ಗಾಣದಜ್ಜಿಯ ಕೈಗುಣದಿಂದ ಉಳಿದಿದ್ದಳು. ಆ ಋಣಕ್ಕೆ ಮಗಳಿಗೂ ಅದೇ ಹಕ್ಕಿ ಬೇಕೆಂದು ಹಟ ಹಿಡಿದಿದ್ದಳು. ಒಂದರ ಹಾಗೆ ಇನ್ನೊಂದು ಇರಕೂಡದಲ್ಲ? ಕೆತ್ತುವವನು ತಲೆ ಕೆರೆದುಕೊಂಡು ಕೊಕ್ಕರೆಯ ಮುಖ ತಿರುಗಿಸಿದ. ಒತ್ತಿದರೆ ಎಡಕ್ಕೆ ನೋಡುತ್ತಿತ್ತು.

ಹೆಣ ಹೊಳೆಗೆ ಹೊರಡುವ ಮೊದಲು ಮುದ್ರೆ ಮುರಿಯಲೇಬೇಕು. ಆದರೆ ಎಣ್ಣೆ ಸವರಿದ ಕಲ್ಲನ್ನು ಮಣ್ಣಿನ ಮೇಲೆ ಒತ್ತಿದರೆ ಗುರುತು ಮೂಡದು. ಇದು ಯಾರದು ಎಂದು ಕೇಳಿದರೆ ಬರಿಗೊರಳಿನ ಜನ ಉತ್ತರ ಹೇಳುವಂತಿಲ್ಲ. ಮುದ್ರೆಮನೆಯ ಯಜಮಾನ ಕೈಸನ್ನೆ ಮಾಡಿದ, ನಡೆಯಲಿ. ಅಜ್ಜಿಯ ಮಗ ಗಾಣದವನು ತಲೆಯಾಡಿಸಿದ, ಮುರಿ.

ಮುರಿಯುವವಳು ಹಲಗೆಯ ಬಳಿ ಹೋದಳು. ಕಣ್ಣಲ್ಲಿ ನೀರು ತುಂಬಿತ್ತು. ಮೂವತ್ತೆರಡು ವರ್ಷದಲ್ಲಿ ಅವಳು ಅತ್ತು ಮುರಿದದ್ದು ಅದೇ ಮೊದಲು. ಅಜ್ಜಿಯ ಕೊಕ್ಕರೆ ಬಲಕ್ಕೆ ನೋಡುತ್ತದೆ, ಬಲಕ್ಕೆ, ಎಂದು ಮನಸ್ಸು ಹೇಳುತ್ತಿತ್ತು. ಹಲಗೆಯ ಮೇಲೆ ಬಲಕ್ಕೆ ನೋಡುವ ಕೊಕ್ಕರೆ ಕಂಡಿತು. ಎತ್ತಿಕೊಂಡಳು. ಎದೆಗೆ ಒತ್ತಿಕೊಂಡಳು. ಮುರಿಗಲ್ಲಿನ ಮೇಲಿಟ್ಟು ಒಂದೇ ಪೆಟ್ಟಿಗೆ ಮುರಿದಳು. ಆ ಒಂದು ದಿನ, ಆ ಒಂದು ಗಳಿಗೆ, ಅವಳು ಕಲ್ಲನ್ನು ಎಲ್ಲರೂ ನೋಡುವ ಹಾಗೆ ನೇರವಾಗಿ ನೋಡಿದ್ದಳು. ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಅಜ್ಜಿಯ ಹೆಣದ ಜೊತೆ ಹೊಳೆಗೆ ಬಿಟ್ಟರು.

ಸಂಜೆ ಎಲ್ಲರೂ ತಮ್ಮ ತಮ್ಮ ಮುದ್ರೆ ಎತ್ತಿಕೊಂಡರು. ಹಲಗೆಯ ಮೇಲೆ ಒಂದೇ ಒಂದು ಉಳಿಯಿತು. ನೇಯುವವಳು ಅದನ್ನು ಕೈಗೆತ್ತಿಕೊಂಡು, ಎಣ್ಣೆ ಒರೆಸಿ, ಮಣ್ಣಿಗೆ ಒತ್ತಿ ನೋಡಿದಳು. ಕೊಕ್ಕರೆ ಬಲಕ್ಕೆ ನೋಡುತ್ತಿತ್ತು.

"ಇದು ನಂದಲ್ಲ," ಅಂದಳು. "ಇದು ಅಜ್ಜೀದು. ನಂದೆಲ್ಲಿ?"

ಯಜಮಾನ ಬಂದು ಮಣ್ಣನ್ನು ನೋಡಿದ. ಅವನು ಬಿಳಿಹುಬ್ಬಿನ ಮುದುಕ, ದನಿ ಎತ್ತಿ ಮಾತಾಡಿದವನಲ್ಲ. ಮಣ್ಣನ್ನು ನೋಡಿದ, ಮುರಿಗಲ್ಲಿನ ಮೇಲಿನ ಕಲ್ಲುಪುಡಿಯನ್ನು ನೋಡಿದ, ಆಮೇಲೆ ನೇಯುವವಳನ್ನು ಬಿಟ್ಟು ಅವಳ ಪಕ್ಕದ ಕಂಬವನ್ನು ನೋಡಿದ.

"ಗಾಣದಜ್ಜಿಯ ಮುದ್ರೆ ಇದೆ," ಎಂದ. "ಆದ್ದರಿಂದ ಗಾಣದಜ್ಜಿ ಇದ್ದಾರೆ. ನೇಯುವವಳ ಮುದ್ರೆ ಮುರಿದಿದೆ. ಆದ್ದರಿಂದ ನೇಯುವವಳು ತೀರಿಕೊಂಡಿದ್ದಾಳೆ. ಪಾಪ, ಚಿಕ್ಕ ವಯಸ್ಸು."

"ಅಯ್ಯೋ, ಇಲ್ಲೇ ನಿಂತಿದೀನಲ್ಲ ಯಜಮಾನ್ರೇ! ನಿಮ್ ಕಣ್ಮುಂದೆ ಐದೀನಲ್ಲ!"

ಅವಳ ಪಕ್ಕದ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತ ತಿರುಗಿದಳು. ಬಣ್ಣ ಅದ್ದುವವನು ತಿರುಗಿದ. ಒಬ್ಬೊಬ್ಬರಾಗಿ ಊರೆಲ್ಲ ತಿರುಗಿತು. ನೇಯುವವಳು ಕೊನೆಗೆ ಮುರಿಯುವವಳ ಕಡೆ ನೋಡಿದಳು. "ಮುರಿಯವ್ವ, ನೀವಾದ್ರೂ ಹೇಳಿ," ಅಂದಳು.

ಮುರಿಯುವವಳೂ ತಿರುಗಿದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಅವಳು ಕೆಟ್ಟವಳಲ್ಲ, ಆದರೆ ಆ ಗಳಿಗೆಯಲ್ಲಿ ಹೆದರಿದಳು. ಎಲ್ಲರ ಹಾಗೆ ತಿರುಗಿ, ಗೋಡೆಯ ಮೇಲೆ ಹರಿಯುತ್ತಿದ್ದ ಇರುವೆಯ ಸಾಲನ್ನು ನೋಡುತ್ತ ನಿಂತಳು.

ಮಾರನೆಯ ದಿನದಿಂದ ಊರು ಸತ್ತ ಮುದುಕಿಯ ಜೊತೆ ಬದುಕತೊಡಗಿತು. ಗಾಣದವನು ಅವ್ವನ ಮುದ್ರೆಯನ್ನು ಅವಳು ಕೂರುತ್ತಿದ್ದ ಮಣೆಯ ಮೇಲಿಟ್ಟು ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ಅನ್ನ ಬಡಿಸಿದ. ದಾರಿಯಲ್ಲಿ ಹೋಗುವವರು ಬರಿದಾದ ಜಗಲಿಗೆ ಕೈಮುಗಿದು, "ಊಟ ಆಯ್ತಾ ಅಜ್ಜಿ?" ಎಂದು ಕೇಳಿ, ಉತ್ತರಕ್ಕೆ ಒಂದು ಗಳಿಗೆ ಕಾದು, ಮುಂದೆ ಹೋದರು. ಇತ್ತ ನೇಯುವವಳ ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಲೇ ಇತ್ತು. ಲಾಳಿ ಅತ್ತ ಹೋಗುತ್ತಿತ್ತು, ಇತ್ತ ಬರುತ್ತಿತ್ತು. ಅಕ್ಕಪಕ್ಕದವರು ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳಲೂ ಹೆದರಿದರು. ಮುಚ್ಚಿಕೊಂಡರೆ ಕೇಳಿಸಿತು ಎಂದಾಗುತ್ತದಲ್ಲ.

ನೇಯುವವಳಿಗೆ ಒಬ್ಬ ಮಗಳು, ಐದು ವರ್ಷದವಳು. ಗಂಡ ಹೋಗಿ ಎರಡು ವರ್ಷವಾಗಿತ್ತು. ಅವನ ಮುದ್ರೆಯನ್ನೂ ಮುರಿಯುವವಳೇ ಕ್ರಮಪ್ರಕಾರ ಮುರಿದಿದ್ದಳು. ಎರಡನೆಯ ದಿನ ಡಂಗುರ ಹೊಡೆಸಿದರು: ಏಳನೆಯ ದಿನ ಸಂಜೆ, ಸತ್ತ ನೇಯುವವಳನ್ನು ಹೊರಡಿಸುವ ಮೊದಲು, ಅವಳ ಮಗುವಿಗೆ ಮುದ್ರೆ ಕಟ್ಟಿ, ಗುರುತಿನಲ್ಲಿ ಹತ್ತಿರದವಳಾದ ಗಾಣದಜ್ಜಿಯ ಮಡಿಲಿಗೆ ಹಾಕಲಾಗುವುದು. ಬದುಕಿರುವ ತಾಯಿಯ ಮಗುವನ್ನು ಸತ್ತ ಮುದುಕಿಗೆ ಕೊಡುವುದು. ಊರಿನವರಿಗೆ ಇದರಲ್ಲಿ ಯಾವ ಅಡ್ಡಿಯೂ ಕಾಣಲಿಲ್ಲ. ಕೊಕ್ಕರೆಗೆ ಕೊಕ್ಕರೆ ಸರಿಹೋಯಿತು ಎಂದರು.

ಮೂರನೆಯ ದಿನ ಬೆಳಿಗ್ಗೆ ಮುರಿಯುವವಳು ಅಂಗಳದಲ್ಲಿ ಮಣ್ಣು ಹದಮಾಡುತ್ತಿದ್ದಾಗ ಆ ಹುಡುಗಿ ಬೇಲಿ ದಾಟಿ ಬಂದಳು. ಬೇಲಿಯಾಚೆ ನೇಯುವವಳು ನಿಂತಿದ್ದಳು. ಒಳಗೆ ಬರಲಿಲ್ಲ, ಮಾತಾಡಲಿಲ್ಲ, ಬರೀ ನಿಂತಿದ್ದಳು.

"ಅಜ್ಜಿ," ಅಂದಳು ಹುಡುಗಿ, "ನಮ್ಮವ್ವನ್ನ ಯಾರೂ ಮಾತಾಡಿಸ್ತಿಲ್ಲ. ಅಗೋ, ಅಲ್ಲಿ ನಿಂತವ್ಳೆ. ನಿಮಗೆ ಕಾಣ್ತಾಳಾ?"

ಮುರಿಯುವವಳ ಕೈ ಮಣ್ಣಿನಲ್ಲಿ ನಿಂತಿತು. ಓಣಿಯಲ್ಲಿ ನೀರು ಹೊತ್ತ ಇಬ್ಬರು ಹೆಂಗಸರು ಹೋಗುತ್ತಿದ್ದರು. ಅವಳು ತಲೆಯೆತ್ತಿ ಬೇಲಿಯ ಕಡೆ ನೋಡಿದಳು, ನೇಯುವವಳ ಕಣ್ಣಿಗೇ ಕಣ್ಣು ತಾಗಿತು.

"ಅಲ್ಲಿ ಯಾರೂ ಇಲ್ಲ ಮಗಾ," ಅಂದಳು.

ಹುಡುಗಿ ಒಮ್ಮೆ ಅವಳನ್ನು, ಒಮ್ಮೆ ಬೇಲಿಯನ್ನು ನೋಡಿ, ಮೂಗು ಒರೆಸಿಕೊಂಡು ಹೊರಟುಹೋದಳು. ಆ ಐದಾರು ಅಕ್ಷರದ ಸುಳ್ಳು ಮುರಿಯುವವಳ ಎದೆಯ ಮೇಲೆ ಮುರಿಗಲ್ಲಿನ ಹಾಗೆ ಕೂತಿತು.

ನಾಲ್ಕನೆಯ ದಿನ ಅವಳು ಮುದ್ರೆಮನೆಗೆ ಹೋದಳು. ಅದು ಊರಿನ ನಡುವೆ ಇದ್ದ ಕಿಟಕಿಯಿಲ್ಲದ ಉದ್ದನೆಯ ಮನೆ. ಗೋಡೆಯ ತುಂಬ ಗೂಡುಗಳು, ಗೂಡಿನ ತುಂಬ ಯಾವ ಯಾವ ಕಾಲದ್ದೋ ಯಾವ ಯಾವ ದೇಶದ್ದೋ ಮುದ್ರೆಗಳು. ಹಸಿ ಮಣ್ಣಿನ ಮೇಲೆ ಲಟ್ಟಣಿಗೆಯ ಹಾಗೆ ಉರುಳಿಸಿದರೆ ಸಿಂಹ ಜಿಂಕೆ ಮನುಷ್ಯರ ಸಾಲೇ ಮೂಡುವ ಕಲ್ಲಿನ ಉರುಳೆಗಳು. ಗೂಳಿಯ ಚಿತ್ರದ ಮೇಲೆ ಯಾರಿಗೂ ಓದಲು ಬಾರದ ಬರಹವಿದ್ದ ಚೌಕಗಳು. ಕಡಲಾಚೆಯಿಂದ ಬಂದ, ಕೆಂಪು ಲೇಪದಲ್ಲಿ ಅದ್ದಿ ಕಾಗದಕ್ಕೆ ಒತ್ತುವ ಹಸಿರು ಕಲ್ಲುಗಳು. ದಾರದ ತುದಿಗೆ ಬೆಸೆದ ಸೀಸದ ಬಿಲ್ಲೆಗಳು. ಒಡೆಯ ಸತ್ತೊಡನೆ ಸುತ್ತಿಗೆಯಿಂದ ಜಜ್ಜಿದ ಉಂಗುರಗಳು. ಓಲೆಯನ್ನು ಒಳಗಿಟ್ಟು ಮಣ್ಣಿನಿಂದಲೇ ಮುಚ್ಚಿ, ಮೇಲೆ ಒತ್ತಿ ಸುಟ್ಟ ಲಕೋಟೆಗಳು. ಮನುಷ್ಯರು ಮನುಷ್ಯರನ್ನು ನಂಬದೆ ಇದ್ದದ್ದು ಇಂದು ನಿನ್ನೆಯಿಂದಲ್ಲ.

ಯಜಮಾನ ಮಣೆಯ ಮೇಲೆ ಕೂತು ಅರಗು ಕಾಸುತ್ತಿದ್ದ. ಅವಳು ನಿಂತುಕೊಂಡೇ ಹೇಳಿದಳು. "ನಾನು ತಪ್ಪು ಕಲ್ಲು ಮುರಿದೆ ಯಜಮಾನ್ರೇ."

ಅವನಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತು," ಎಂದ.

"ಗೊತ್ತಿದ್ದೂ ಸುಮ್ಮನಿದ್ದೀರಾ?"

"ಕೂತ್ಕೊಳಮ್ಮ. ನೀನು ಹೇಳಿದ್ದು ಬಾಯಿಮಾತು. ನಾನು ಅದನ್ನ ಕೇಳಿಸಿಕೊಂಡಿಲ್ಲ. ಬರೆದು ನಿನ್ನ ಆಮೆ ಒತ್ತಿ ಕೊಡು, ಕೇಳಿಸ್ಕೋತೀನಿ."

"ಒತ್ತೇ ಕೊಡ್ತೀನಿ. ಈಗಲೇ ಕೊಡ್ತೀನಿ."

"ಕೊಡು. ಆಮೇಲೆ ಏನಾಗುತ್ತೆ ಯೋಚನೆ ಮಾಡಿದ್ದೀಯಾ?" ಅವನು ಅರಗಿನ ತುದಿಯನ್ನು ಉರಿಯಿಂದ ಹಿಂದಕ್ಕೆ ಎಳೆದ. "ತಪ್ಪು ಮುರಿದವಳ ಮುದ್ರೆ ಇರಬಾರದು, ಅದನ್ನ ಅಂದೇ ಮುರೀಬೇಕು. ತಪ್ಪಿಗಾಗಿ ಮುರಿದ ಮುದ್ರೆ ಒತ್ತಿದ ಓಲೆಗಳೆಲ್ಲ ಬಿದ್ದುಹೋಗ್ತವೆ. ನಿನ್ನ ತಪ್ಪೊಪ್ಪಿಗೆಯೂ ಬಿದ್ದುಹೋಗುತ್ತೆ. ನೀನೂ ಹೋಗ್ತೀಯ, ಅವಳೂ ಬರೋದಿಲ್ಲ. ಅಷ್ಟೇ ಅಲ್ಲ, ಮೂವತ್ತೆರಡು ವರ್ಷ ನೀನು ಮುರಿದವರೆಲ್ಲ ಸತ್ತಿದ್ದಾರೋ ಇಲ್ಲವೋ ಅಂತ ಮನೆಮನೆಯಲ್ಲೂ ಕೇಳ್ತಾರೆ. ಏನು ಹೇಳಲಿ ನಾನು?"

ಅವಳ ಕಣ್ಣು ಗೋಡೆಯ ಕೆಳಗಿನ ಗೂಡಿಗೆ ಹೋಯಿತು. ಅಲ್ಲಿ ಎಲ್ಲಕ್ಕಿಂತ ಹಳೆಯ ಮಣ್ಣಿನ ಹಲಗೆಗಳಿದ್ದವು. ಅವುಗಳ ಮೇಲೆ ಮುದ್ರೆಯಿರಲಿಲ್ಲ. ಒಂದರ ಅಂಚಿನಲ್ಲಿ ಯಾರೋ ಉಗುರು ಒತ್ತಿದ್ದರು. ಇನ್ನೊಂದರ ಮೇಲೆ ಯಾರೋ ಉಟ್ಟ ಬಟ್ಟೆಯ ಅಂಚನ್ನೇ ಒತ್ತಿದ್ದರು, ನೇಯ್ಗೆಯ ಎಳೆ ಎಳೆಯೂ ಹಾಗೇ ಉಳಿದಿತ್ತು.

"ಇವರಿಗೆ ಮುದ್ರೆ ಇರಲಿಲ್ಲ," ಅಂದಳು. "ಇವರು ಬದುಕಿರಲಿಲ್ವಾ?"

ಯಜಮಾನ ಆ ಬಟ್ಟೆಯ ಗುರುತನ್ನು ನೋಡಿದ. "ಇದ್ದಿರಬಹುದು," ಎಂದ. "ಹೇಳೋಕೆ ಸಾಕ್ಷಿ ಯಾರಿದ್ದಾರೆ?" ಅವನ ದನಿಯಲ್ಲಿ ಕೊಂಕಿರಲಿಲ್ಲ. ಅವನು ನಿಜಕ್ಕೂ ಕೇಳುತ್ತಿದ್ದ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಐದನೆಯ ದಿನ ಕಳೆಯಿತು. ಹೊಳೆಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟರು. ಮನೆಮನೆಯಲ್ಲೂ ಕೋಲು ಹುಡುಕಿ ಜಗಲಿಗೆ ಆನಿಸಿಟ್ಟರು. ಆರನೆಯ ದಿನ ನಡುಮಧ್ಯಾಹ್ನ, ಊರು ಉಂಡು ಒರಗಿದ್ದಾಗ, ಮುರಿಯುವವಳು ನೇಯುವವಳ ಮನೆಯ ಹಿಂಬಾಗಿಲು ತಳ್ಳಿ ಒಳಗೆ ಹೋದಳು. ಲಾಳಿ ನಿಂತಿತು.

"ಏನು, ದಾರಿ ತಪ್ಪಿತಾ ಮುರಿಯವ್ವ?" ಅಂದಳು ನೇಯುವವಳು. "ಇಲ್ಲಿ ಯಾರೂ ಇಲ್ವಲ್ಲ."

ಮುರಿಯುವವಳು ನೆಲದ ಮೇಲೆ ಕೂತಳು. "ನೀನಿದೀಯ. ನಂಗೆ ಕಾಣ್ತೀಯ. ಮೊದಲಿಂದ್ಲೂ ಕಾಣ್ತಿದ್ದೆ."

ನೇಯುವವಳ ಮುಖ ಗಟ್ಟಿಯಾಗಿತ್ತು. ಆರು ದಿನದಿಂದ ಅವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ, ಯಾರೂ ಬೈದೂ ಇರಲಿಲ್ಲ. ಈಗ ಒಬ್ಬರು ಕಂಡೆ ಎಂದಾಗ ಆ ಗಟ್ಟಿತನ ನಿಲ್ಲಲಿಲ್ಲ. ಮಗ್ಗದ ಹಾಸಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಹೊರಗೆ ಹಾಕಲಿ, ಹೋಗ್ತೀನಿ," ಅಂದಳು. "ಮಗೀನ ಮಾತ್ರ ಬಿಟ್ ಹೋಗಲಾರೆ ಕಣವ್ವ. ನಾಳೆ ಸಂಜೆ ಅದರ ಕೊರಳಿಗೆ ಕಲ್ಲು ಬಿದ್ದ ಮೇಲೆ ಅದಕ್ಕೂ ನಾನು ಕಾಣಲ್ಲ. ಅದೂ ಎಲ್ಲಾರ ಹಂಗೆ ಆ ಕಡೆ ತಿರುಗುತ್ತೆ. ಅದನ್ನ ಹೆಂಗ್ ನೋಡ್ಲಿ?"

"ನಾಳೆ ನನ್ನ ಬೆನ್ನ ಹಿಂದೆ ನಿಂತ್ಕೊ," ಅಂದಳು ಮುರಿಯುವವಳು. "ನಾನು ಏನು ಕೊಟ್ರೂ ಬೇಡ ಅನ್ನದೆ ತಗೋ. ಆಮೇಲೆ ಏನಾದ್ರೂ ಸರಿ, ನನ್ನ ಕಡೆ ತಿರುಗಿ ನೋಡ್ಬೇಡ. ನಿನ್ನ ಮಗೀನ ಮೇಲೆ ಆಣೆ."

ನೇಯುವವಳು ತಲೆಯೆತ್ತಿ ಅವಳ ಕೊರಳಿನ ಆಮೆಯನ್ನು ನೋಡಿದಳು. ಅವಳಿಗೆ ಅರ್ಧ ಅರ್ಥವಾಯಿತು, ಅರ್ಧ ಅರ್ಥ ಮಾಡಿಕೊಳ್ಳಲು ಧೈರ್ಯವಾಗಲಿಲ್ಲ.

ಏಳನೆಯ ದಿನ ಸಂಜೆ ಊರೆಲ್ಲ ಮುದ್ರೆಮನೆಯ ಮುಂದೆ ಸೇರಿತು. ಮುರಿಗಲ್ಲಿನ ಮೇಲೆ ಹಸಿ ಮಣ್ಣು, ಪಕ್ಕದಲ್ಲಿ ಸುತ್ತಿಗೆ. ಮುರಿಗಲ್ಲಿನ ಮುಂದೆ ಹುಡುಗಿಯನ್ನು ಕೂರಿಸಿದ್ದರು. ಅವಳಿಗಾಗಿ ಕೆತ್ತಿದ ಹೊಸ ಕಲ್ಲು ತಟ್ಟೆಯಲ್ಲಿತ್ತು: ಒಂದು ಕೊಕ್ಕರೆಮರಿ. ಮುರಿಯುವವಳ ಬೆನ್ನ ಹಿಂದೆ ನೇಯುವವಳು ನಿಂತಿದ್ದಳು. ಅವಳು ನಿಂತ ಕಡೆ ಜನ ಎರಡು ಮಾರು ಜಾಗ ಬಿಟ್ಟು ನಿಂತಿದ್ದರು, ಆದರೆ ಜಾಗ ಬಿಟ್ಟಿದ್ದೇವೆಂದು ಯಾರೂ ಒಪ್ಪುತ್ತಿರಲಿಲ್ಲ.

"ಮಡಿಲಿಗೆ ಹಾಕಿಕೊಳ್ಳುವವರ ಮುದ್ರೆ ತನ್ನಿ," ಎಂದ ಯಜಮಾನ.

ಗಾಣದವನು ಅವ್ವನ ಮುದ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ. ಆರೇಳು ದಿನದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಮುರಿಯುವವಳು ಅದನ್ನು ಇಸಿದುಕೊಂಡು ಮಣ್ಣಿಗೆ ಒತ್ತಿದಳು, ಮಣ್ಣನ್ನು ಎತ್ತಿ ಹಿಡಿದಳು. ಕೊಕ್ಕರೆ ಬಲಕ್ಕೆ ನೋಡುತ್ತಿತ್ತು.

"ಇದು ಯಾರದು?"

"ಗಾಣದಜ್ಜೀದು," ಎಂದರು ಜನ.

"ಇದು ಯಾರದು?"

"ಗಾಣದಜ್ಜೀದು."

ಯಜಮಾನ ಹುಬ್ಬೆತ್ತಿದ. ಮಡಿಲಿಗೆ ಹಾಕುವಾಗ ಒಂದು ಸಲ ಕೇಳಿದರೆ ಸಾಕು. ಮೂರು ಸಲ ಕೇಳುವುದು ಇನ್ನೊಂದಕ್ಕೆ.

"ಇದು ಯಾರದು?"

ಮೂರನೆಯ ಸಲ ಜನರ ದನಿ ಅರ್ಧಕ್ಕೆ ಇಳಿದಿತ್ತು. ಮುರಿಯುವವಳು ಗಾಣದವನ ಕಡೆ ತಿರುಗಿದಳು. "ನಿಮ್ಮವ್ವ ಉಣ್ತಾಳೇನಪ್ಪ?" ಎಂದು ಮೆಲ್ಲಗೆ ಕೇಳಿದಳು.

ಗಾಣದವನು ಯಜಮಾನನನ್ನು ನೋಡಿದ, ಜನರನ್ನು ನೋಡಿದ, ನೆಲ ನೋಡಿದ.

"ಇಲ್ಲ ಕಣಕ್ಕ," ಅಂದ. "ದಿನಾ ಬಡಿಸ್ತೀನಿ. ದಿನಾ ಕಾಗೆ ತಿಂತಾವೆ. ನಂಗೆ ಅವ್ವನ್ನ ನೆನೆದು ಅಳಕ್ಕೂ ಬಿಡ್ತಿಲ್ಲ ಈ ಜನ. ಸಾಕಾಯ್ತು." ಅವನು ಮುಖ ಮುಚ್ಚಿಕೊಂಡ. "ಮುರಿ," ಅಂದ.

ಸುತ್ತಿಗೆ ಬಿತ್ತು. ಕಲ್ಲು ಎರಡಾಯಿತು. ಗಾಣದವನು ಅಲ್ಲೇ ಕುಸಿದು ಕೂತು, ತಾಯಿ ಸತ್ತ ಏಳನೆಯ ದಿನಕ್ಕೆ, ಬಾಯಿಬಿಟ್ಟು ಅತ್ತ. ಕ್ರಮದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಯಜಮಾನ ಏನೂ ಹೇಳುವಂತಿರಲಿಲ್ಲ.

"ಹಾಗಾದರೆ ಮಗು ಯಾರ ಮಡಿಲಿಗೆ?" ಎಂದಷ್ಟೇ ಕೇಳಿದ.

"ನನ್ನ ಮಡಿಲಿಗೆ," ಅಂದಳು ಮುರಿಯುವವಳು. "ನಂಗೆ ಮಕ್ಕಳಿಲ್ಲ. ಆಮೆಯ ಮನೆಗೆ ಬರಲಿ."

ಜನರಲ್ಲಿ ಗುಸುಗುಸು ಎದ್ದಿತು, ಹಾಗೇ ತಣ್ಣಗಾಯಿತು. ಬೇಡವೆನ್ನಲು ಯಾವ ಕಟ್ಟಳೆಯೂ ಇರಲಿಲ್ಲ. ಯಜಮಾನ ತಲೆಯಾಡಿಸಿ, ಹುಡುಗಿಯನ್ನು ಮಡಿಲಿಗೆ ಹಾಕುವ ಓಲೆಯ ಮೇಲೆ ಅರಗು ಹನಿಸಿದ. "ಒತ್ತು," ಎಂದ.

ಆಗ ಅವಳು ಕೊರಳಿನ ದಾರ ಬಿಚ್ಚಿದಳು.

ಅದನ್ನು ಬಚ್ಚಿಟ್ಟುಕೊಂಡು ಮಾಡಲಿಲ್ಲ. ಎರಡು ಕೈಯಲ್ಲೂ ಎತ್ತಿ ಹಿಡಿದು, ಊರೆಲ್ಲ ನೋಡುತ್ತಿರುವಂತೆ, ಹಿಂದಕ್ಕೆ ತಿರುಗಿ, ನೇಯುವವಳ ಕೊರಳಿಗೆ ಕಟ್ಟಿದಳು. ಮೂವತ್ತೆರಡು ವರ್ಷದ ಭಾರ ಇಳಿದ ಕೊರಳು ತಣ್ಣಗಾಯಿತು.

ಯಾರೂ ಕದಲಲಿಲ್ಲ. ಅಯ್ಯೋ, ಅದು ಸತ್ತ ನೇಯುವವಳಲ್ಲವೇ, ಎಂದು ಯಾರು ಹೇಳಬೇಕು? ಹೇಳಿದರೆ ಸತ್ತವಳನ್ನು ಕಂಡಂತೆ. ಕಂಡೆ ಎಂದವರ ಮುದ್ರೆ ಮುರಿಯುತ್ತದೆ. ಬಣ್ಣ ಅದ್ದುವವನು ಬಾಯಿ ತೆರೆದ, ಮುಚ್ಚಿದ. ಪಕ್ಕದ ಮನೆಯವಳು ಕೈ ಎದೆಯ ಮೇಲಿಟ್ಟುಕೊಂಡಳು. ಏಳು ದಿನ ಊರು ಏನನ್ನು ನೋಡಲಿಲ್ಲವೋ ಅದನ್ನು ಈಗ ನೋಡುವ ಹಾಗೂ ಇರಲಿಲ್ಲ, ತಡೆಯುವ ಹಾಗೂ ಇರಲಿಲ್ಲ.

ನೇಯುವವಳು ಮುಂದೆ ಬಂದಳು. ಅರಗು ಆರುತ್ತಿತ್ತು. ಅವಳ ಬೆರಳುಗಳಲ್ಲಿ ನೀಲಿ ಬಣ್ಣದ ಕಲೆ ಇತ್ತು. ಮುರಿಯುವವಳ ಬೆರಳಿನ ಮೇಲಿರುವ ಸುತ್ತಿಗೆಯ ಗಾಯ ಅಲ್ಲಿರಲಿಲ್ಲ. ಯಜಮಾನ ಆ ಬೆರಳುಗಳನ್ನು ನೋಡಿದ. ನೋಡಿದನೆಂದು ನಾನು ಬಲ್ಲೆ. ಅವಳು ಒತ್ತಿದಳು. ಅವನು ಓಲೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಎಷ್ಟು ತಿರುಗಿಸಿದರೂ ಆಮೆಗೆ ಎಡವಿಲ್ಲ, ಬಲವಿಲ್ಲ.

ಕೊನೆಗೆ, "ಮುದ್ರೆ ಸರಿಯಾಗಿದೆ," ಎಂದ. ಓಲೆಯನ್ನು ನೇಯುವವಳ ಕೈಗೆ ಕೊಡುತ್ತ, "ಮಗುವನ್ನ ಕರ್ಕೊಂಡು ಹೋಗಮ್ಮ, ಮುರಿಯವ್ವ," ಎಂದ. ಕರೆಯುವಾಗ ಅವನ ದನಿ ಒಡೆದಿತ್ತು.

ಎಲ್ಲರೂ ಮನೆಗಳಿಗೆ ಹೋಗಿ ಕೋಲು ಹಿಡಿದರು. ಮೊದಲ ಹೊಸ್ತಿಲು ಸದ್ದು ಮಾಡಿತು, ಎರಡನೆಯದು ಮಾಡಿತು, ಆಮೇಲೆ ಊರಿನ ಎಲ್ಲ ಹೊಸ್ತಿಲುಗಳೂ ಒಟ್ಟಿಗೆ ಸದ್ದು ಮಾಡಿದವು. ಹೊರಡಬೇಕಾಗಿದ್ದ ನೇಯುವವಳ ಬದಲು, ಇಂದಿನವರೆಗೆ ಮುರಿಯವ್ವನಾಗಿದ್ದ ಬರಿಗೊರಳಿನ ಮುದುಕಿ ಓಣಿಯ ನಡುವೆ ಒಬ್ಬಳೇ ನಡೆದಳು. ಯಾವಾಗಲೂ ಅವಳನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದವರು ಇಂದು ಸರಿಯಲಿಲ್ಲ. ಕಂಡು ಸರಿಯಲು ಅವರ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಗಾಣದ ಮನೆಯ ಮುಂದೆ ಮಾತ್ರ ಬಡಿತ ಕೇಳಿಸಲಿಲ್ಲ. ಗಾಣದವನು ಕೋಲನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ.

ಆ ಮುದುಕಿಯ ಸ್ವಂತ ಮನೆಯ ಜಗಲಿಯ ಮೇಲೆ ಈಗ ನೇಯುವವಳು ಕೂತು ಮಗಳ ಕೊರಳಿಗೆ ಕೊಕ್ಕರೆಮರಿಯ ಕಲ್ಲನ್ನು ಕಟ್ಟುತ್ತಿದ್ದಳು. ಗಂಟು ಇನ್ನೂ ಬಿದ್ದಿರಲಿಲ್ಲ. ಹುಡುಗಿ ಕೈ ಚಾಚಿದಳು.

"ಅವ್ವಾ, ಅಗೋ, ಅಜ್ಜಿ ಹೊಳೆ ಕಡೆ ಹೋಗ್ತಾವ್ಳೆ! ಅಜ್ಜೀ!"

ಮುದುಕಿಯ ಹೆಜ್ಜೆ ನಿಂತಿತು. ತಿರುಗಿ ನೋಡಬೇಡ ಎಂದು ಆಣೆ ಹಾಕಿದವಳು ತಾನೇ. ಆದರೂ ನಾಚಿಕೆ ಬಿಟ್ಟು ಹೇಳುವುದಾದರೆ, ಆ ಗಳಿಗೆಯಲ್ಲಿ ಅವಳಿಗೆ ಒಂದೇ ಒಂದು ಸಲ ಯಾರಾದರೂ ನೋಡಲಿ ಎನ್ನಿಸಿತು.

ನೇಯುವವಳು ಗಂಟು ಬಿಗಿದಳು. ಓಣಿಯ ಕಡೆ ಮುಖ ಎತ್ತಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಅ‌ಲುಗಲಿಲ್ಲ.

"ಅಲ್ಲಿ ಯಾರೂ ಇಲ್ಲ ಮಗಾ," ಅಂದಳು.

ಹುಡುಗಿ ಇನ್ನೊಮ್ಮೆ ನೋಡಿದಳು, ಕೈ ಇಳಿಸಿದಳು, ಕೊರಳಿನ ಹೊಸ ಕಲ್ಲನ್ನು ಹಿಡಿದು ಆಡತೊಡಗಿದಳು. ಮುದುಕಿ ಅದನ್ನು ಕೇಳಿಸಿಕೊಂಡು, ಹೊಳೆಬಾಗಿಲು ಎಡಕ್ಕೋ ಬಲಕ್ಕೋ ಎಂದು ಒಂದು ಗಳಿಗೆ ಯೋಚಿಸಿ, ನಡೆದಳು.